ಕಾಲರಿನ ಒಳಗೆ ಹತ್ತು ಅಂಕಿ

ಅಕ್ಷರಕ್ಕೆ ಅರವತ್ತು ಶಿಲಿಂಗ್ ನನ್ನ ದರ,
ನೆರಳು ಕೊಟ್ಟು ಬರೆದರೆ ಎಪ್ಪತ್ತೈದು.
ಕಿಸುಮುವಿನಲ್ಲಿ, ಕೊಂಡೆಲೆಯಿಂದ ಕಿಬುಯೆ ಸಂತೆಯವರೆಗೆ
ಕ್ಷೌರದಂಗಡಿ, ಪಂಕ್ಚರ್ ಶಾಪು, ಹಲ್ಲು ಕೀಳುವವನು, ಪ್ರಾರ್ಥನೆಯ ಮನೆ,
ಯಾರ ಹೆಸರು ಎಷ್ಟು ದಪ್ಪ ಎಂದು
ಅಳೆದು ಕೊಟ್ಟವನು ನಾನೇ.

ಶಾಲೆ ತೆರೆಯುವ ಜನವರಿಯಲ್ಲಿ ಬಂದಳು ಪರ್ಪೆಚುವಾ ಅಪೊಂಡಿ,
ಕೊರಳಲ್ಲಿ ಅಳತೆಯ ಟೇಪು, ತುಟಿಗಳ ನಡುವೆ ಗುಂಡುಸೂಜಿ.
ಹೆಸರೊಂದಕ್ಕೇ ಹದಿನಾಲ್ಕು ಅಕ್ಷರ.
ಯೂನಿಫಾರ್ಮ್ ಹೊಲಿಯುತ್ತೇನೆ ಅನ್ನೋದು ಬೇರೆ.
ಲೆಕ್ಕ ಹೇಳಿದೆ.
ಸೂಜಿಗಳನ್ನು ಒಂದೊಂದಾಗಿ ತೆಗೆದು ತೋಳಿಗೆ ಚುಚ್ಚಿಕೊಂಡಳು,
ಮಾತಾಡಲು.
"ನಾನೂರು ಇದೆ."

ಹಾಸಿಗೆ ಇದ್ದಷ್ಟೇ ಅಕ್ಷರ ಚಾಚಮ್ಮ, ಅಂದೆ.
ಪರ್ಪೆಚುವಾ ಬಿಟ್ಟೆವು. ಅಪೊಂಡಿ ಉಳಿಯಿತು: ಮುನ್ನೂರ ಅರವತ್ತು.
ಕುಂಚ ಅದ್ದಿದ್ದೆ ಕೂಡ.
ಅವಳು ತನ್ನ ಓಣಿಯ ಕಡೆ ನೋಡಿದಳು, ತುಂಬ ಹೊತ್ತು.
"ಇಲ್ಲಿ ದಿನಾ ಹಾಯೋದು ಎರಡು ಆಡು,
ತಿಂಗಳಿಗೊಮ್ಮೆ ಬಾಡಿಗೆಯವನು.
ಮೂವರಿಗೂ ನನ್ನ ಹೆಸರು ಗೊತ್ತು.
ರೇಡಿಯೋದವರು ಅರ್ಧ ನಿಮಿಷಕ್ಕೆ ನನ್ನ ಮಿಷನ್ನಿನ ಬೆಲೆ ಕೇಳ್ತಾರೆ.
ಮಕ್ಕಳು ಊರೆಲ್ಲ ಓಡ್ತಾರೆ.
ನಿನ್ನ ಬೋರ್ಡು ಓಡುತ್ತಾ?"

ಮರುದಿನ ಒಂದು ಎಕ್ಸರೇ ಹಾಳೆ ತಂದಳು.
ಯಾರ ಎದೆಗೂಡು, ಕೇಳಲಿಲ್ಲ, ಹೇಳಲಿಲ್ಲ.
ಎಡಗಡೆಯ ಎರಡು ಪಕ್ಕೆಲುಬಿನ ಮೇಲೆ
ಅವಳ ಫೋನಿನ ಹತ್ತು ಅಂಕಿ ಬ್ಲೇಡಿನಿಂದ ಕೊರೆದು ಕೊಟ್ಟೆ,
ನೂರು ಶಿಲಿಂಗ್, ಒಂದೇ ಸಲ.
ಡಬ್ಬಿಯ ತಳದ ಕಪ್ಪು ಶಾಯಿ ಸುಮ್ಮನೆ ಕೊಟ್ಟೆ.
ಹೊಲಿದ ಪ್ರತಿ ಅಂಗಿಗೂ, ಕಾಲರಿನ ಒಳಮೈಗೆ,
ಬೆನ್ನಿಗೆ ತಾಗುವಲ್ಲಿ ಒತ್ತಿದಳು.
ಹೊರಗೆ ಕಾಣದ ಜಾಹೀರಾತು!
ಟೀ ಅಂಗಡಿಯಲ್ಲಿ ಕೂತು ನಕ್ಕೆವು ನಾವು ಬೋರ್ಡಿನವರು.

ಮೊದಲು ಬಂದ ಕರೆಗಳು ಆರ್ಡರಿನವಲ್ಲ.
ಫುಟ್‌ಬಾಲ್ ಮೈದಾನದಲ್ಲಿ ಸಿಕ್ಕ ಸ್ವೆಟರ್,
ಪೊದೆಯಲ್ಲಿ ಸಿಕ್ಕ ಅರ್ಧ ಅಂಗಿ,
ಪುಸ್ತಕದಲ್ಲಿ ಹುಡುಕಿ ಯಾರ ಮಗುವಿನದೆಂದು ಹೇಳುತ್ತಿದ್ದಳು.
ಆಮೇಲೆ ಒಂದು ರಾತ್ರಿ, ಬುಸಿಯಾ ಬಸ್‌ಸ್ಟ್ಯಾಂಡಿನಿಂದ:
"ಹಿಂದಿನ ಸೀಟಲ್ಲಿ ಒಂದು ಹುಡುಗ ನಿದ್ದೆ ಹೋಗಿದ್ದಾನೆ,
ಹೆಸರು ಕೇಳಿದರೆ ಅಳ್ತಾನೆ,
ಕುತ್ತಿಗೆಯಲ್ಲಿ ನಿಮ್ಮ ನಂಬರಿದೆ."

ಸೋಮವಾರ ಅವಳ ಬಾಗಿಲಲ್ಲಿ ಹನ್ನೊಂದು ತಾಯಂದಿರು.
ಬಟ್ಟೆಯ ಗುಣ ಯಾರೂ ಕೇಳಲಿಲ್ಲ.
"ಆ ನಂಬರಿನ ಕಾಲರು" ಅಂದರು ಅಷ್ಟೇ.
ಮಳೆಗಾಲಕ್ಕೆ ಎರಡನೆಯ ಮಿಷನ್,
ಕಾಜಾ ಮಾಡಲು ಒಡೆರಾ ಎಂಬ ಹುಡುಗ.

ಇಲ್ಲಿಗೇ ಮುಗಿಸಿದ್ದರೆ ಕತೆ ಚೆನ್ನಾಗಿರುತ್ತಿತ್ತು.
ಆದರೆ ಒಡೆರಾ ಹಾಳೆ ತೊಳೆಯುತ್ತಿರಲಿಲ್ಲ.
ಕೊನೆಯ ಏಳರ ತಲೆಯ ಗೆರೆಯಲ್ಲಿ ಶಾಯಿ ಒಣಗಿ, ಕಟ್ಟಿ,
ಏಳು ಒಂದಾಯಿತು.
ಮೂರು ನೂರು ಅಂಗಿ ಹೋದವು ಹಾಗೇ.
ಆರ್ಡರುಗಳೆಲ್ಲ ಸರೋವರದಂಚಿನ ಉಸೆಂಗೆಗೆ,
ಒಣಮೀನು ಮಾರುವ ನ್ಯಾಸುನಾಳ ಫೋನಿಗೆ.
ಬೈಯಲಿಲ್ಲ ಆ ಮುದುಕಿ. ಬರೆದಿಟ್ಟುಕೊಂಡಳು:
ಎದೆ ಇಪ್ಪತ್ತಾರು, ಉದ್ದತೋಳು, ನೀಲಿ.
ಮೀನು ಸುತ್ತುವ ಕಾಗದದ ಮೇಲೆ,
ಒಂದು ಬುಟ್ಟಿ ಒಮೆನ ಜೊತೆಗೆ ಬಸ್ಸಿಗೆ ಹಾಕಿ ಕಳಿಸಿದಳು.

ಈಗ ಅಪೊಂಡಿಯ ಅಂಗಡಿಯಲ್ಲಿ ಮೀನಿನ ವಾಸನೆ.
ಅಳತೆಗೆ ಬಂದವರು ಮೂಗು ಮುಚ್ಚಿ ಕೇಳುತ್ತಾರೆ,
ಹೋಗುವಾಗ ಕಾಲು ಕೆಜಿ ಒಯ್ಯುತ್ತಾರೆ.
ಉಸೆಂಗೆಯ ಮಕ್ಕಳು ನೀಲಿ ಅಂಗಿಯಲ್ಲಿ ಶಾಲೆಗೆ.
ಯಾರೂ ಯಾರಿಗೂ ಒಂದು ಶಿಲಿಂಗ್ ಕೊಟ್ಟಿಲ್ಲ.

ಹೊಸ ಹಾಳೆ ಕೊರೆಯಲೇ ಎಂದು ಹೋಗಿ ಕೇಳಿದೆ,
ಇನ್ನೂರು ಆಗುತ್ತದೆ ಈಗ, ಅಂದೆ.
ಸೂಜಿ ತೆಗೆಯದೆಯೇ ತಲೆ ಅಲ್ಲಾಡಿಸಿದಳು.
ಗೋಡೆಗೆ ಒರಗಿದ್ದ ಹಳೆಯ ಹಾಳೆಯ ಹಿಂದೆ ಬಿಸಿಲು:
ಪಕ್ಕೆಲುಬು ಬೂದು, ಅಂಕಿಗಳು ಬೆಳಕು,
ಕೊನೆಯದು ಏಳೋ ಒಂದೋ,
ನನಗೂ ತಿಳಿಯಲಿಲ್ಲ.